ಬ್ಯಾನರ್ ಇಲ್ಲದ ರಾತ್ರಿ: ಒಂದು ಲೈಬ್ರರಿ, 40 ಮಕ್ಕಳು, ಗೋಡೆ ತುಂಬಾ ದಿನಾಚರಣೆ

ಇದು ಒಂದು ಬಡಾವಣೆಯ ಲೈಬ್ರರಿಯ ಪ್ರಕರಣ. ಊರಿನ ಹೆಸರು, ಸಂಸ್ಥೆಯ ಹೆಸರು, ಯಾರ ಹೆಸರೂ ಇಲ್ಲಿ ಇಲ್ಲ. ಮಕ್ಕಳ ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ. ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನವು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ

ಒಂದು ಕೋಣೆ, ಮುಂದೆ ವರಾಂಡ, ಮೇಲೆ ತಾರಸಿ. ಲೈಬ್ರರಿ ಅಂದರೆ ಅಷ್ಟೇ. ಸಂಜೆ 4ರಿಂದ 6ರವರೆಗೆ ಬಾಗಿಲು ತೆರೆದಿರುತ್ತದೆ. ನಡೆಸುವವರು ನಾವು ಐದು ಜನ, ಯಾರಿಗೂ ಸಂಬಳ ಇಲ್ಲ. ಹಾಜರಿ ಪುಸ್ತಕದಲ್ಲಿ ಸುಮಾರು 40 ಹೆಸರು. ಅತಿ ಚಿಕ್ಕವಳಿಗೆ 6 ವರ್ಷ, ಎಲ್ಲರಿಗಿಂತ ದೊಡ್ಡವನಿಗೆ 17.

ಪುಸ್ತಕಕ್ಕೆ ಮತ್ತು ಬಾಡಿಗೆಗೆ ಸ್ವಲ್ಪ ಹಣ ಕೊಡುವ ಒಂದು ಸಂಸ್ಥೆ ಇದೆ. ಒಳ್ಳೆಯವರೇ. ವರ್ಷದ ಕೊನೆಗೆ ಒಂದು ವರದಿ ಕೇಳುತ್ತಾರೆ. ವರದಿಯ ಫಾರಂನಲ್ಲಿ ಮೂರು ಕಾಲಂ: ಯಾವ ದಿನಾಚರಣೆ, ಎಷ್ಟು ಮಕ್ಕಳು ಬಂದರು, ಎರಡು ಫೋಟೋ. ಈ ಮೂರು ಕಾಲಂ ತುಂಬಿಸಲಿಕ್ಕೇ ನಾವು ವರ್ಷವೆಲ್ಲ ಓಡಾಡುತ್ತಿದ್ದೆವು ಅಂತ ಆಗ ನಮಗೆ ಹೊಳೆದಿರಲಿಲ್ಲ.

ವರ್ಷದ ಶುರುವಿನಲ್ಲಿ ನಾನೇ ಕೂತು ದೊಡ್ಡ ಹಾಳೆಯ ಮೇಲೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಫೆಬ್ರವರಿ 21, ತಾಯ್ನುಡಿ ದಿನ. ಏಪ್ರಿಲ್ 2, ಮಕ್ಕಳ ಪುಸ್ತಕ ದಿನ, ಅದು ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ದಿನ. ಏಪ್ರಿಲ್ 23, ಯುನೆಸ್ಕೋ 1995ರಲ್ಲಿ ಘೋಷಿಸಿದ ಪುಸ್ತಕ ದಿನ. ಜೂನ್ 5, ಪರಿಸರ ದಿನ. ಆಗಸ್ಟ್ 12, ಯುವ ದಿನ. ಸೆಪ್ಟೆಂಬರ್ 8, ಸಾಕ್ಷರತಾ ದಿನ. ಅಕ್ಟೋಬರ್ 11, ಹೆಣ್ಣುಮಕ್ಕಳ ದಿನ. ಕೊನೆಗೆ ನವೆಂಬರ್ 20, ವಿಶ್ವ ಮಕ್ಕಳ ದಿನ. ಮಕ್ಕಳ ದಿನಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ತಾರೀಕಿದೆ, ನಾವು ವಿಶ್ವಸಂಸ್ಥೆಯದ್ದನ್ನು ಇಟ್ಟುಕೊಂಡೆವು. 1959ರಲ್ಲಿ ಮಕ್ಕಳ ಹಕ್ಕುಗಳ ಘೋಷಣೆ ಆಗಿದ್ದು ಅವತ್ತೇ, 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿಗೆ ಕೊಟ್ಟಿದ್ದೂ ಅವತ್ತೇ.

ಇದನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಮೈಕ್ ಹಿಡಿದು ಹೇಳುತ್ತಿದ್ದೆ. ಒಮ್ಮೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಪುಟ್ಟ ಕೈ ಎತ್ತಿದ. ಸಂಶಯ ಕೇಳುತ್ತಾನೆ ಅಂತ ಖುಷಿಯಾಯಿತು. "ಅಕ್ಕಾ, 1989ರಲ್ಲಿ ನೀವು ಹುಟ್ಟಿದ್ರಾ?" ಅಂದ.

ಸಮಸ್ಯೆ

ಏಪ್ರಿಲ್‌ನಲ್ಲಿ ಕೋಣೆ ತುಂಬಿತ್ತು. ಜೂನ್ 5ಕ್ಕೆ ಸುಮಾರು 20 ಮಕ್ಕಳು ಬಂದರು. ಅವತ್ತಿನ ಫೋಟೋ ಈಗಲೂ ನನ್ನ ಹತ್ತಿರ ಇದೆ. ಒಂದೇ ಒಂದು ಸಸಿ, ಅದನ್ನು ಮುಟ್ಟಲು ಹನ್ನೆರಡು ಕೈಗಳು, ಹಿಂದೆ ಬ್ಯಾನರ್, ಬ್ಯಾನರ್ ಮುಂದೆ ದೊಡ್ಡವರು. ಮಕ್ಕಳಲ್ಲಿ ಒಬ್ಬರೂ ಸಸಿಯ ಕಡೆ ನೋಡುತ್ತಿಲ್ಲ, ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಆ ಸಸಿಗೆ ಮಾರನೇ ದಿನದಿಂದ ನೀರು ಹಾಕುವವರು ಯಾರು ಅಂತ ನಾವು ಮಾತಾಡಿಕೊಂಡೇ ಇರಲಿಲ್ಲ. ಎರಡು ವಾರಕ್ಕೆ ಒಣಗಿತು.

ಆಗಸ್ಟ್ 12ಕ್ಕೆ ಬಂದವರು ಮೂರು ಜನ. ಮೂವರೂ ನಮ್ಮ ಸ್ವಯಂಸೇವಕರ ಮನೆಯ ಮಕ್ಕಳು. ಕರೆದಿದ್ದ ಅತಿಥಿ ಪಾಪ, 50 ನಿಮಿಷ ಯುವಶಕ್ತಿಯ ಬಗ್ಗೆ ಮಾತಾಡಿದರು, ಖಾಲಿ ಕುರ್ಚಿಗಳಿಗೆ. ಹೊರಗೆ ಗೇಟಿನ ಹತ್ತಿರ 15 ವರ್ಷದ ಒಬ್ಬ ಹುಡುಗ ಸೈಕಲ್ ಮೇಲೆ ಒಂದು ಕಾಲು ಊರಿ ನಿಂತಿದ್ದ. ನಮ್ಮ ಲೈಬ್ರರಿಯದೇ ಹುಡುಗ, ಏಳು ವರ್ಷದವನಿದ್ದಾಗಿನಿಂದ ಬರುತ್ತಿದ್ದವನು. ನಾನು ಹೋಗಿ "ಒಳಗೆ ಬಾರೋ, ಇವತ್ತು ನಿಮ್ಮದೇ ದಿನ" ಅಂದೆ.

"ಬಂದ್ರೆ ಕುರ್ಚಿ ಎತ್ತಿಡೋಕೆ ಹೇಳ್ತೀರಿ, ಅಷ್ಟೇ ಅಲ್ವಾ ಅಕ್ಕಾ?"

ಕೊಂಕು ಮಾತಲ್ಲ ಅದು. ಸುಮ್ನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವತ್ತು ಮನೆಗೆ ಹೋಗಿ ಹಳೆಯ ಕಾರ್ಯಕ್ರಮಗಳ ಕೆಲಸದ ಪಟ್ಟಿ ತೆಗೆದು ನೋಡಿದೆ. ಎರಡು ವರ್ಷದಲ್ಲಿ ಅವನ ಹೆಸರು ಒಂಬತ್ತು ಸಲ ಇತ್ತು. ಕುರ್ಚಿ, ಮೈಕ್, ನೀರಿನ ಕ್ಯಾನ್, ಮತ್ತೆ ಕುರ್ಚಿ. ಹದಿಮೂರು ದಾಟಿದ ಮೇಲೆ ನಮ್ಮಲ್ಲಿ ಮಕ್ಕಳು ಅತಿಥಿಗಳಾಗಿ ಉಳಿಯುವುದಿಲ್ಲ, ಕೂಲಿಯಾಳುಗಳಾಗುತ್ತಾರೆ ಅಂತ ಅವತ್ತು ಅರ್ಥವಾಯಿತು.

ಇದರಲ್ಲಿ ವಯಸ್ಸಿನ ಗೊಂದಲವೂ ಇದೆ. ಒಡಂಬಡಿಕೆಯ ಪ್ರಕಾರ 18 ತುಂಬುವವರೆಗೆ ಮಗು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 15ರಿಂದ 24 ಯುವಜನ. ಅಂದರೆ 15, 16, 17ರವರು ಎರಡೂ ಪಟ್ಟಿಯಲ್ಲಿ ಇದ್ದಾರೆ. ನಮ್ಮ ಲೈಬ್ರರಿಯಲ್ಲಿ ಎರಡರಲ್ಲೂ ಇರಲಿಲ್ಲ. ಮಕ್ಕಳ ದಿನಕ್ಕೆ ಬಂದರೆ ಪುಟ್ಟ ಮಕ್ಕಳ ಜೊತೆ ಬಣ್ಣದ ಟೋಪಿ ಹಾಕಿಕೊಂಡು ಕೂರಬೇಕು, ಯುವ ದಿನಕ್ಕೆ ಬಂದರೆ ಭಾಷಣ ಕೇಳಬೇಕು.

ಮೊದಲು ಮಾಡಿದ್ದು: ಬಹುಮಾನ

ನಾವು ಏನು ಮಾಡಬೇಕಿತ್ತೋ ಅದನ್ನು ಬಿಟ್ಟು ಸುಲಭದ ದಾರಿ ಹಿಡಿದೆವು. ಸೆಪ್ಟೆಂಬರ್ 8ಕ್ಕೆ ಚಿತ್ರ ಬರೆಯುವ ಸ್ಪರ್ಧೆ, ಮೂರು ಬಹುಮಾನ. ಮೂವತ್ತು ಮಕ್ಕಳು ಬಂದರು. ನಮಗೆಲ್ಲ ಸಮಾಧಾನ, ವರದಿಯ ಕಾಲಂಗೆ ಒಳ್ಳೆಯ ಸಂಖ್ಯೆ ಸಿಕ್ಕಿತು.

ಸಂಜೆ ಗುಡಿಸುವಾಗ ಮೇಜಿನ ಕೆಳಗೆ ಒಂದು ಹಾಳೆ ಸಿಕ್ಕಿತು. ನಾಲ್ಕು ಮಡಿಕೆ ಮಾಡಿ, ಮತ್ತೆ ನಾಲ್ಕು ಮಡಿಕೆ ಮಾಡಿ, ಬೆರಳಿನಷ್ಟು ಚಿಕ್ಕದಾಗುವವರೆಗೆ ಮಡಚಿದ್ದ ಚಿತ್ರ. ಬಿಡಿಸಿ ನೋಡಿದರೆ ಒಂದು ಮನೆ, ಮನೆಯ ಮೇಲೆ ಮನೆಗಿಂತ ದೊಡ್ಡ ಬೆಕ್ಕು. ದಿನಾ ಸಂಜೆ ಬಂದು ಮೂಲೆಯಲ್ಲಿ ಕೂತು ಬೆಕ್ಕು ಬರೆಯುತ್ತಿದ್ದ ಎಂಟು ವರ್ಷದ ಹುಡುಗಿಯದು. ಆಮೇಲೆ ಮೂರು ವಾರ ಅವಳು ಬಣ್ಣದ ಡಬ್ಬಿ ಮುಟ್ಟಲಿಲ್ಲ. ಉಳಿದವರು ಬಾಗಿಲಲ್ಲೇ "ಇವತ್ತು ಏನು ಕೊಡ್ತೀರಿ?" ಅಂತ ಕೇಳಲು ಶುರು ಮಾಡಿದರು.

ಇದರ ಬಗ್ಗೆ ಒಂದು ಹಳೆಯ ಪ್ರಯೋಗ ಇದೆ, ನಮಗೆ ಆಮೇಲೆ ಗೊತ್ತಾಯಿತು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಅನ್ನುವ ಮನೋವಿಜ್ಞಾನಿಗಳು ಚಿತ್ರ ಬರೆಯುವುದು ಇಷ್ಟವಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ "ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ" ಅಂದರು. ಇನ್ನೊಂದಕ್ಕೆ ಏನೂ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮೊದಲೇ ಆಸೆ ಹುಟ್ಟಿಸಿದ ಗುಂಪಿನ ಮಕ್ಕಳೇ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದರು. ಅಚಾನಕ್ಕಾಗಿ ಸಿಕ್ಕವರ ಆಸಕ್ತಿ ಹಾಗೆ ಇಳಿದಿರಲಿಲ್ಲ. ಅಂದರೆ ತಪ್ಪು ಬಹುಮಾನದ್ದಲ್ಲ, ಬಹುಮಾನವನ್ನು ಮುಂದೆ ನೇತುಹಾಕಿ ಕರೆದದ್ದು. ನಾವು ಸ್ಪರ್ಧೆ ನಿಲ್ಲಿಸಿದೆವು. ಬೆಕ್ಕಿನ ಚಿತ್ರವನ್ನು ಇಸ್ತ್ರಿ ಮಾಡಿದ ಹಾಗೆ ನೀವಿ, ಅವಳನ್ನು ಕೇಳಿ, ಪುಸ್ತಕದ ಕಪಾಟಿನ ಪಕ್ಕ ಅಂಟಿಸಿದೆ. "ಅಂಟಿಸ್ಲಾ?" ಅಂದದ್ದಕ್ಕೆ ಅವಳು ಹೂಂ ಅಂದಳು, ಅಷ್ಟೇ. ಅದರಿಂದ ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ.

ಆಮೇಲೆ ಮಾಡಿದ್ದು: ಸಭೆ

ಅಕ್ಟೋಬರ್ ಮೊದಲ ವಾರ ತೀರ್ಮಾನ ಮಾಡಿದೆವು. ನವೆಂಬರ್ 20ನ್ನು ಮಕ್ಕಳೇ ಯೋಜಿಸಲಿ. ಒಳ್ಳೆಯ ತೀರ್ಮಾನ. ಜಾರಿಗೆ ತಂದ ರೀತಿ ಮಾತ್ರ ಹಾಸ್ಯಾಸ್ಪದ.

ಹದಿನಾಲ್ಕು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದೆವು. ನಾವು ಐವರು ಎದುರಿಗೆ ಕುರ್ಚಿಯಲ್ಲಿ. ನಮ್ಮಲ್ಲಿ ಹಿರಿಯರೊಬ್ಬರು "ನಿಮಗೆ ಏನು ಬೇಕು, ಧೈರ್ಯವಾಗಿ ಹೇಳಿ" ಅಂದರು. ಧೈರ್ಯವಾಗಿ ಅಂದ ತಕ್ಷಣ ಇದ್ದ ಧೈರ್ಯವೂ ಹೋಯಿತೋ ಏನೋ, ಎಲ್ಲರ ಬಾಯಿಗೂ ಬೀಗ. ಕೊನೆಗೆ ಒಬ್ಬಳು "ನೀವೇ ಹೇಳಿ ಸರ್" ಅಂದಳು. ಇನ್ನೊಬ್ಬ "ಗಿಡ ನೆಡೋಣ" ಅಂದ. ಇನ್ನೊಬ್ಬಳು "ಸ್ವಚ್ಛತೆ ಬಗ್ಗೆ ಭಾಷಣ" ಅಂದಳು. ನಮಗೆ ಏನು ಇಷ್ಟ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ನಮಗೆ ವಾಪಸ್ ಕೊಟ್ಟರು.

ರೋಜರ್ ಹಾರ್ಟ್ ಎಂಬವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಅಂದರು: ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೇಳುವುದು. ನಮ್ಮ ಜೂನ್ 5 ಎರಡನೇ ಮೆಟ್ಟಿಲು, ಈ ಸಭೆ ಮೂರನೆಯದು. ಒಂದು ಮೆಟ್ಟಿಲು ಮೇಲೆ ಹತ್ತಿದ್ದೆವು ಅಂತ ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು!

ಮೊದಲ ತಿರುವು: ಬಾಗಿಲ ಹತ್ತಿರದ ಡಬ್ಬಿ

ಸಭೆ ಬಿಟ್ಟೆವು. ಬಾಗಿಲ ಹತ್ತಿರ ಒಂದು ರಟ್ಟಿನ ಡಬ್ಬಿ ಇಟ್ಟು, ಪಕ್ಕದಲ್ಲಿ ಚೀಟಿ, ದಾರ ಕಟ್ಟಿದ ಪೆನ್. ಹೆಸರು ಬರೆಯಬೇಕಿಲ್ಲ. ಕೇಳಿದ ಪ್ರಶ್ನೆಯನ್ನೂ ಬದಲಿಸಿದೆವು. "ನಿಮಗೆ ಏನು ಬೇಕು" ಅನ್ನುವ ಬದಲು ಎರಡು ಪ್ರಶ್ನೆ: ಇಲ್ಲಿ ನಿಮಗೆ ಬೇಜಾರಾಗೋದು ಯಾವುದು? ಇಲ್ಲಿ ಇದುವರೆಗೆ ಮಾಡದ ಯಾವುದನ್ನು ಮಾಡಬೇಕು? ಬರೆಯಲು ಬಾರದ ಪುಟ್ಟವರು ಚಿತ್ರ ಹಾಕಬಹುದು, ಇಲ್ಲವೇ ದೊಡ್ಡ ಮಕ್ಕಳ ಹತ್ತಿರ ಹೇಳಿ ಬರೆಸಬಹುದು. ನಾವು ಯಾರೂ ಡಬ್ಬಿಯ ಹತ್ತಿರ ನಿಲ್ಲುವಂತಿಲ್ಲ.

ಹತ್ತು ದಿನ ಇಟ್ಟೆವು. 61 ಚೀಟಿ. ಕೆಲವು ಬರೀ ತಮಾಷೆ, ಒಂದರಲ್ಲಿ ನನ್ನ ಕನ್ನಡಕದ ಚಿತ್ರ. ಆದರೆ ದೂರುಗಳು ಖಚಿತವಾಗಿದ್ದವು. 6 ಗಂಟೆಗೇ ಬಾಗಿಲು ಹಾಕ್ತೀರಿ. ಒಳ್ಳೆ ಪುಸ್ತಕ ಮೇಲಿನ ಸಾಲಿನಲ್ಲಿದೆ, ಕೈಗೆ ಸಿಗಲ್ಲ. ದೊಡ್ಡ ಹುಡುಗರು ಫ್ಯಾನ್ ಕೆಳಗಿನ ಜಾಗ ಬಿಡಲ್ಲ. ನಮಗೆ ಮೊಬೈಲ್ ಬಳಸಲು ಬಿಡಲ್ಲ, ನೀವು ಮಾತ್ರ ನೋಡ್ತೀರಿ. ಹೋಂವರ್ಕ್ ಮಾಡೋಕೆ ಒಂದು ಮೇಜು ಇಲ್ಲ.

ಒಂದು ಚೀಟಿ ಬೇರೆ ಥರ ಇತ್ತು. "ಡಿಸೆಂಬರ್ 13. ರಾತ್ರಿ. ಉಲ್ಕೆ ನೋಡಬೇಕು. ತಾರಸಿ ಇದೆಯಲ್ಲ." ಬರೆದದ್ದು 12 ವರ್ಷದ ಹುಡುಗಿ ಅಂತ ಆಮೇಲೆ ಅವಳೇ ಹೇಳಿದಳು. ನಮ್ಮ ಕಪಾಟಿನಲ್ಲೇ ಇದ್ದ ಹಳೆಯ ವಿಜ್ಞಾನ ಪತ್ರಿಕೆಯಲ್ಲಿ ಓದಿದ್ದಳಂತೆ. ಜೆಮಿನಿಡ್ ಉಲ್ಕಾವೃಷ್ಟಿ, ಪ್ರತಿ ವರ್ಷ ಡಿಸೆಂಬರ್ 13-14ರ ಸುಮಾರಿಗೆ ಜೋರಾಗಿರುತ್ತದೆ. ಬಹಳ ಉಲ್ಕಾವೃಷ್ಟಿಗಳು ಧೂಮಕೇತು ಬಿಟ್ಟುಹೋದ ದೂಳಿನಿಂದ ಆಗುತ್ತವೆ, ಇದಕ್ಕೆ ಮೂಲ ಫೇಥಾನ್ ಅನ್ನುವ ಕ್ಷುದ್ರಗ್ರಹ. ದುರ್ಬೀನು ಬೇಡ, ಬರಿಗಣ್ಣು ಸಾಕು. ಮಕ್ಕಳಿಗೆ ಅನುಕೂಲ ಏನೆಂದರೆ ಉಳಿದ ಎಷ್ಟೋ ಉಲ್ಕಾವೃಷ್ಟಿಗೆ ನಡುರಾತ್ರಿ ದಾಟುವವರೆಗೆ ಕಾಯಬೇಕು, ಇದು ರಾತ್ರಿ ಒಂಬತ್ತು ಹತ್ತರ ಹೊತ್ತಿಗೇ ಶುರುವಾಗುತ್ತದೆ.

ಚೀಟಿಗಳನ್ನೆಲ್ಲ ಗೋಡೆಗೆ ಅಂಟಿಸಿ ಮಕ್ಕಳಿಗೇ ಗುರುತು ಹಾಕಲು ಹೇಳಿದಾಗ ಅತಿ ಜಾಸ್ತಿ ಗುರುತು ಬಿದ್ದದ್ದು ಇದಕ್ಕೆ. ನವೆಂಬರ್ 20ಕ್ಕೆ ನಾವು ಯೋಚಿಸಿಟ್ಟಿದ್ದ ನಾಟಕಕ್ಕೆ ಎರಡು.

ಇಲ್ಲಿ ನಮ್ಮ ಐವರಲ್ಲೇ ಜಗಳ ಆಯಿತು. ಹಿರಿಯರು ಕೇಳಿದರು, "ಡಿಸೆಂಬರ್ 13 ಯಾವ ದಿನಾಚರಣೆ?" ಯಾವುದೂ ಅಲ್ಲ. "ಹಾಗಾದ್ರೆ ವರದಿಯಲ್ಲಿ ಏನು ಬರೆಯೋದು?" ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ಹಾಗಿರಲಿಲ್ಲ, ಬಾಡಿಗೆ ಕಟ್ಟುವುದು ಆ ವರದಿಯಿಂದಲೇ. ಎರಡು ಸಂಜೆ ಮಾತಾಡಿ ಒಂದು ಮಧ್ಯದ ದಾರಿ ಕಂಡುಕೊಂಡೆವು. ನವೆಂಬರ್ 20 ಇರಲಿ, ಆದರೆ ಅದು ಮಕ್ಕಳ ದೂರು ಕೇಳುವ ದಿನ. ಬ್ಯಾನರ್, ಅತಿಥಿಯ ನೆನಪಿನ ಕಾಣಿಕೆ, ಮೈಕ್ ಬಾಡಿಗೆ ಅಂತ ಇಟ್ಟ ಹಣ ಪೂರ್ತಿ ಡಿಸೆಂಬರ್ 13ಕ್ಕೆ. ಖರ್ಚು ಮಾಡುವವರು ಏಳು ಮಕ್ಕಳ ಒಂದು ತಂಡ, ಲೆಕ್ಕ ಬರೆಯುವವರೂ ಅವರೇ. ಸೈಕಲ್ ಹುಡುಗನನ್ನು ತಂಡಕ್ಕೆ ಕರೆದದ್ದು ನಾವಲ್ಲ, ಚೀಟಿ ಬರೆದ ಹುಡುಗಿ.

ನವೆಂಬರ್ 20

ಅವತ್ತು ಮಕ್ಕಳು ಕುರ್ಚಿಯಲ್ಲಿ, ನಾವು ಚಾಪೆಯಲ್ಲಿ. ಇದು ಅವರದೇ ಐಡಿಯಾ. ಅರ್ಧ ಗಂಟೆಗೆ ನನ್ನ ಕಾಲು ಜೋಮು ಹಿಡಿಯಿತು, ಇಷ್ಟು ವರ್ಷ ಇವರು ಹೀಗೆ ಕೂತು ಭಾಷಣ ಕೇಳುತ್ತಿದ್ದರಲ್ಲ ಅನ್ನಿಸಿತು.

ಒಡಂಬಡಿಕೆಯ ಎರಡು ವಿಧಿಗಳನ್ನು ಒಬ್ಬ ಹುಡುಗಿ ತನ್ನ ಮಾತಿನಲ್ಲಿ ಹೇಳಿದಳು. 12ನೆಯದು, ನಮಗೆ ಸಂಬಂಧಪಟ್ಟ ವಿಷಯದಲ್ಲಿ ನಮ್ಮ ಅಭಿಪ್ರಾಯ ಹೇಳಬಹುದು, ದೊಡ್ಡವರು ಅದನ್ನು ನಮ್ಮ ವಯಸ್ಸಿಗೆ ತಕ್ಕ ಹಾಗೆ ಲೆಕ್ಕಕ್ಕೆ ತಗೊಳ್ಳಬೇಕು. 31ನೆಯದು, ನಮಗೆ ಆಟಕ್ಕೆ, ವಿಶ್ರಾಂತಿಗೆ ಹಕ್ಕಿದೆ. ಎರಡು ನಿಮಿಷ ಆಯಿತು. ನಾನು ಇಪ್ಪತ್ತು ನಿಮಿಷ ತಗೊಳ್ಳುತ್ತಿದ್ದೆ.

ಆಮೇಲೆ ಐದು ದೂರು. ಒಂದೊಂದಕ್ಕೂ ನಾವು ಅಲ್ಲೇ ಉತ್ತರ ಕೊಡಬೇಕು: ಆಗುತ್ತೆ, ಆಗಲ್ಲ ಯಾಕಂದ್ರೆ ಇಂಥ ಕಾರಣ, ಅಥವಾ ಇಂಥ ತಾರೀಕಿಗೆ ಹೇಳ್ತೀವಿ. "ನೋಡೋಣ" ಅನ್ನುವ ಪದ ನಿಷೇಧ. ಈ ನಿಯಮವನ್ನು ಯಾರು ಹಾಕಿದರೋ, ಬಹಳ ಬುದ್ಧಿವಂತ ಮಗು. ಬೆಲ್‌ಫಾಸ್ಟ್‌ನ ಪ್ರಾಧ್ಯಾಪಕಿ ಲಾರಾ ಲುಂಡಿ 2007ರಲ್ಲಿ ಬರೆದದ್ದೂ ಹೆಚ್ಚು ಕಡಿಮೆ ಇದನ್ನೇ. ಮಗುವಿಗೆ ಮಾತಾಡಲು ಜಾಗ ಮತ್ತು ದನಿ ಕೊಟ್ಟರೆ ಸಾಲದು, ಕೇಳುವವರು ಇರಬೇಕು, ಕೇಳಿದ್ದರಿಂದ ಏನಾದರೂ ಬದಲಾಗಬೇಕು.

ಮೂರು "ಆಗುತ್ತೆ": ವಾರಕ್ಕೆ ಎರಡು ದಿನ 7ರವರೆಗೆ ಬಾಗಿಲು, ಮಕ್ಕಳ ಪುಸ್ತಕ ಕೆಳಗಿನ ಸಾಲಿಗೆ, ಫ್ಯಾನ್ ಕೆಳಗಿನ ಜಾಗಕ್ಕೆ ಸರದಿ. ಮೊಬೈಲ್‌ಗೆ "ಆಗಲ್ಲ" ಅಂದೆವು. ಕಾರಣ ಹೇಳಿದೆವು. ಅವರು ಒಪ್ಪಲಿಲ್ಲ, ಆದರೆ ನಾವೂ ಒಳಗೆ ಫೋನ್ ನೋಡುವುದಿಲ್ಲ ಅಂತ ಮಾತು ಕೊಡಬೇಕಾಯಿತು. ಹೋಂವರ್ಕ್ ಮೇಜಿಗೆ "ಜನವರಿ 15ಕ್ಕೆ ಹೇಳ್ತೀವಿ" ಅಂದೆವು. ಜನವರಿ 15 ಬಂತು, ಹೋಯಿತು, ನಾವು ಮರೆತೇಬಿಟ್ಟಿದ್ದೆವು. ಫೆಬ್ರವರಿಯಲ್ಲಿ ಒಂದು ದಿನ ನನ್ನ ಟೇಬಲ್ ಮೇಲೆ ಚೀಟಿ: "ಮೇಜು?" ಆ ಒಂದು ಪದಕ್ಕೆ ನಾಚಿಕೆಯಾದಷ್ಟು ಯಾವ ಬೈಗುಳಕ್ಕೂ ಆಗಿರಲಿಲ್ಲ. ಮೇಜು ಮಾರ್ಚ್‌ನಲ್ಲಿ ಬಂತು.

ಎರಡನೇ ತಿರುವು: ಮೋಡ

ಡಿಸೆಂಬರ್ 13ರ ತಯಾರಿಯಲ್ಲಿ ದೊಡ್ಡವರ ಕೆಲಸ ಸುರಕ್ಷತೆ ಮಾತ್ರ. ಅದರಲ್ಲಿ ಮಕ್ಕಳ ಜೊತೆ ಚೌಕಾಸಿ ಇಲ್ಲ ಅಂತ ಮೊದಲೇ ಹೇಳಿದೆವು. ಒಪ್ಪಿಗೆ ಚೀಟಿಯಲ್ಲಿ ಮೂರು ಬೇರೆ ಬೇರೆ ಸಾಲು: ಮಗು ಬರಬಹುದಾ, ವಾಪಸ್ ಕರೆದುಕೊಂಡು ಹೋಗುವವರು ಯಾರು, ಫೋಟೋ ತೆಗೆಯಬಹುದಾ. ಮೂರಕ್ಕೂ ಬೇರೆ ಬೇರೆ ಸಹಿ. ಫೋಟೋಗೆ ಬೇಡ ಅಂದವರು ಆರು ಮನೆಯವರು. ಹಿಂದಿನ ವರ್ಷಗಳಲ್ಲಿ ನಾವು ಕೇಳಿಯೇ ಇರಲಿಲ್ಲ, ಸುಮ್ನೆ ತೆಗೆದು ಕಳಿಸುತ್ತಿದ್ದೆವು. ಆರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು, ಮೆಟ್ಟಿಲ ಹತ್ತಿರ ಇಬ್ಬರು, ತಾರಸಿಯ ಅಂಚಿಗೆ ಎರಡು ಮೊಳ ಒಳಗೆ ಹಗ್ಗ. ಹಗ್ಗ ದಾಟಿದವರು ಕೆಳಗೆ.

ಉಳಿದದ್ದೆಲ್ಲ ಮಕ್ಕಳ ತಂಡದ್ದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಸಲ ಮೊಬೈಲ್ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ. ಇದನ್ನು ಓದಿಕೊಂಡು ಟಾರ್ಚ್‌ಗಳಿಗೆಲ್ಲ ಕೆಂಪು ಕಾಗದ ಸುತ್ತಿದ್ದರು, ಯಾಕೆಂದರೆ ಕೆಂಪು ಬೆಳಕಿಗೆ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಮೊಬೈಲ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. ನಮ್ಮವೂ ಅದರಲ್ಲೇ. ತುರ್ತಿಗೆ ಅಂತ ಒಂದು ಫೋನ್ ಮಾತ್ರ ಮೆಟ್ಟಿಲ ಹತ್ತಿರ.

ರಾತ್ರಿ ಎಂಟೂವರೆಗೆ 26 ಮಕ್ಕಳು ಚಾಪೆ ಮೇಲೆ ಅಂಗಾತ ಮಲಗಿದರು. ಆಕಾಶ ಪೂರ್ತಿ ಮೋಡ.

ಒಂಬತ್ತು ಗಂಟೆ. ಮೋಡ. ಪುಟ್ಟವರು ಹೊರಳಾಡಲು ಶುರು ಮಾಡಿದರು. ಒಬ್ಬ "ಬಿತ್ತು ಬಿತ್ತು" ಅಂದ, ವಿಮಾನ. ನನ್ನ ಕೈ ಕಾಲು ಚಡಪಡಿಸಿತು. ನನ್ನ ಚೀಲದಲ್ಲಿ ಒಂದು ರಸಪ್ರಶ್ನೆ ಬರೆದಿಟ್ಟುಕೊಂಡಿದ್ದೆ, ಯಾರಿಗೂ ಹೇಳದೆ. ಎದ್ದು ಹೋಗಿ ಸೈಕಲ್ ಹುಡುಗನ ಕಿವಿಯಲ್ಲಿ "ರಸಪ್ರಶ್ನೆ ಶುರು ಮಾಡ್ಲಾ?" ಅಂದೆ.

"ಸ್ವಲ್ಪ ತಾಳಿ ಅಕ್ಕಾ."

ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಏನು ಅಂತ ಕೇಳಿದರೆ, ಆಗ ವಾಪಸ್ ಹೋಗಿ ನನ್ನ ಚಾಪೆ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದ್ದು. ಕಾರ್ಯಕ್ರಮ ಬಿದ್ದುಹೋಗುತ್ತಿದೆ, ಎತ್ತಬಲ್ಲೆ ಅಂತ ನನಗೆ ಗೊತ್ತು, ಎತ್ತಬಾರದು ಅಂತಲೂ ಗೊತ್ತು.

ಅವನು ಕೆಂಪು ಟಾರ್ಚನ್ನು ಗದ್ದದ ಕೆಳಗೆ ಹಿಡಿದು, ಮೋಡದ ಹಿಂದೆ ಏನೇನಿದೆ ಅಂತ ಒಬ್ಬೊಬ್ಬರೂ ಒಂದು ವಾಕ್ಯ ಸೇರಿಸಬೇಕು ಅಂದ. ಕಥೆ ಒಬ್ಬರಿಂದ ಒಬ್ಬರಿಗೆ ಹೋಯಿತು. ಎಲ್ಲೆಲ್ಲೋ ಹೋಯಿತು. ಬೆಕ್ಕಿನ ಹುಡುಗಿಯ ಸರದಿ ಬಂದಾಗ ಮೋಡದ ಹಿಂದೆ ಮನೆಗಿಂತ ದೊಡ್ಡ ಬೆಕ್ಕು ಬಂತು, ಆಮೇಲೆ ಬಂದವರೆಲ್ಲ ಆ ಬೆಕ್ಕನ್ನೇ ಹಿಡಿದುಕೊಂಡರು. ಹತ್ತೂಕಾಲು ಗಂಟೆಗೆ ಪೂರ್ವದ ಕಡೆ ಒಂದು ಚಾಪೆಯಗಲದಷ್ಟು ಮೋಡ ಸರಿಯಿತು. ಮತ್ತೆ ಹನ್ನೊಂದರವರೆಗೆ ಒಟ್ಟು ನಾಲ್ಕು ಉಲ್ಕೆ ಕಂಡವು. ಪತ್ರಿಕೆಯಲ್ಲಿ ಗಂಟೆಗೆ ನೂರಕ್ಕೂ ಜಾಸ್ತಿ ಅಂತ ಇದ್ದದ್ದು ನಗರದ ಬೆಳಕಿಲ್ಲದ, ಮೋಡವಿಲ್ಲದ ಕಡು ಕತ್ತಲಿಗೆ. ನಾಲ್ಕನೆಯದು ಉದ್ದಕ್ಕೆ ಹೋಯಿತು. ಯಾರೂ ಕೂಗಲಿಲ್ಲ. ಒಂದು ಕ್ಷಣ 26 ಮಕ್ಕಳೂ ಉಸಿರು ಹಿಡಿದ ಸದ್ದು ಕೇಳಿಸಿತು, ಅಷ್ಟೇ. ಫೋಟೋ ಒಂದೂ ಇಲ್ಲ.

ಆಗದೇ ಇದ್ದದ್ದು

ಇದನ್ನು ಬರೆಯದಿದ್ದರೆ ಪ್ರಕರಣ ಅರ್ಧ. ತಯಾರಿಯಲ್ಲಿ 13 ದಾಟಿದ ಹೆಣ್ಣುಮಕ್ಕಳು ಹನ್ನೊಂದು ಜನ ದುಡಿದರು. ಆ ರಾತ್ರಿ ಬಂದವರು ನಾಲ್ಕೇ ಜನ. ಉಳಿದವರಿಗೆ ಮನೆಯಿಂದ ಒಪ್ಪಿಗೆ ಸಿಗಲಿಲ್ಲ. ಕೆಂಪು ಕಾಗದ ಕತ್ತರಿಸಿದ ಹುಡುಗಿಯರು ಆ ಬೆಳಕನ್ನು ನೋಡಲೇ ಇಲ್ಲ. ರಾತ್ರಿ ಅಂತ ಆಯ್ಕೆಯಾದಾಗಲೇ ಇದು ನಮಗೆ ಹೊಳೆಯಬೇಕಿತ್ತು. ಗುರುತುಗಳನ್ನು ಎಣಿಸಿ ಖುಷಿಪಟ್ಟೆವು, ಅವರಲ್ಲಿ ಯಾರಿಗೆ ಬರಲಾಗುತ್ತದೆ ಅಂತ ಎಣಿಸಲಿಲ್ಲ.

ಆಮೇಲೆ ಆ ಹುಡುಗಿಯರನ್ನೇ ಕೂರಿಸಿಕೊಂಡು ಕೇಳಿದೆ. ಅವರಲ್ಲಿ ಒಬ್ಬಳು ಹೇಳಿದ್ದು: "ಅಮ್ಮನ ಹತ್ರ ಒಪ್ಪಿಗೆ ಕೇಳ್ಬೇಡಿ ಅಕ್ಕಾ. ಅಮ್ಮನ್ನೇ ಕರೀರಿ." ನಮ್ಮ ತಲೆಗೆ ಅದು ಬಂದೇ ಇರಲಿಲ್ಲ. ಫೆಬ್ರವರಿ 21ರ ತಾಯ್ನುಡಿ ದಿನವನ್ನು ಆ ಹನ್ನೊಂದು ಜನ ಕೈಗೆ ತಗೊಂಡರು. ಬೆಳಿಗ್ಗೆ, ಅಮ್ಮಂದಿರ ಮತ್ತು ಅಜ್ಜಿಯರ ಜೊತೆ. ಮನೆಯಲ್ಲಿ ಆಡುವ ಭಾಷೆಯಲ್ಲಿ ಒಂದು ಒಗಟು ಹೇಳಬೇಕು, ಉಳಿದವರು ಬಿಡಿಸಬೇಕು. ಲೈಬ್ರರಿಯಲ್ಲಿ ಹೆಚ್ಚು ಬಾಯಿ ಬಿಡದ 9 ವರ್ಷದ ಒಬ್ಬ ಹುಡುಗ ಇದ್ದ, ಮನೆಮಾತು ಬೇರೆ. ಅವತ್ತು ಅವನ ಅಜ್ಜಿ ಹೇಳಿದ ಒಗಟು ಯಾರಿಗೂ ಬಿಡಿಸಲಾಗಲಿಲ್ಲ, ಅವನೊಬ್ಬನಿಗೇ ಉತ್ತರ ಗೊತ್ತಿತ್ತು. ಹತ್ತು ನಿಮಿಷ ಎಲ್ಲರೂ ಅವನನ್ನು ಗೋಗರೆದರು. ಅವನು ಹೇಳಲಿಲ್ಲ. ಎಷ್ಟು ಖುಷಿಯಾಗಿದ್ದ ಅಂದರೆ ಕಿವಿಯವರೆಗೂ ನಗು.

ಈಗ ಹೇಗಿದ್ದೇವೆ

ಎಂಟು ಕಾರ್ಯಕ್ರಮದ ಪಟ್ಟಿ ಈಗ ನಾಲ್ಕಕ್ಕೆ ಇಳಿದಿದೆ. ಒಂದೊಂದಕ್ಕೂ ಆರು ವಾರ ಮೊದಲು ಡಬ್ಬಿ ಇಡುತ್ತೇವೆ. ಹಣದ ಮೊತ್ತವನ್ನು ಮಕ್ಕಳ ತಂಡಕ್ಕೆ ಮೊದಲ ದಿನವೇ ಹೇಳುತ್ತೇವೆ, ಇಷ್ಟು ಇದೆ, ಇದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ ಅಂತ. ಮೊತ್ತ ಗೊತ್ತಿಲ್ಲದೆ ಯೋಜನೆ ಮಾಡಿಸಿ ಕೊನೆಗೆ "ಅಷ್ಟು ದುಡ್ಡಿಲ್ಲ" ಅಂದರೆ ಅದು ಮೋಸ. ಕುರ್ಚಿ ಎತ್ತುವ ಕೆಲಸಕ್ಕೆ ಸರದಿ ಇದೆ, ನಮ್ಮ ಐವರ ಹೆಸರೂ ಅದರಲ್ಲಿದೆ. ಹಿರಿಯರಿಗೆ ಸೊಂಟ ನೋವು, ಅವರು ಮೈಕ್ ವೈರ್ ಸುತ್ತುತ್ತಾರೆ.

ಎಲ್ಲವೂ ಸರಿಹೋಗಿಲ್ಲ. 16 ದಾಟಿದವರು ಪರೀಕ್ಷೆಯ ತಿಂಗಳುಗಳಲ್ಲಿ ಕಾಣೆಯಾಗುತ್ತಾರೆ, ತಂಡ ಅರ್ಧದಲ್ಲೇ ನಿಲ್ಲುತ್ತದೆ. ಒಂದು ಸಲ ಮಕ್ಕಳೇ ಯೋಜಿಸಿದ ಕಾರ್ಯಕ್ರಮ ಭಯಂಕರ ಬೋರಾಗಿತ್ತು, ಅವರಿಗೂ. ಜನರೂ ಕಡಿಮೆ ಬಂದಿದ್ದರು. ಹಳೆಯ ಅಭ್ಯಾಸದಲ್ಲಿ ನಾವು ಮುಂದಿನದನ್ನು ಕೈಗೆ ತಗೊಳ್ಳಲು ಹೊರಟೆವು. ಸೈಕಲ್ ಹುಡುಗ ಕೇಳಿದ: "ನಿಮ್ಮ ಆಗಸ್ಟ್ 12 ಆದ್ಮೇಲೆ ನಾವು ಹಾಗಂದ್ವಾ?"

ಈ ವರ್ಷದ ನಾಲ್ಕರಲ್ಲಿ ಮೂರು ನಿಮಗೂ ಗೊತ್ತಿರುವ ದಿನಗಳೇ. ನಾಲ್ಕನೆಯದು ಜುಲೈ ತಿಂಗಳ ಒಂದು ತಾರೀಕು, ಮುಂದೆ "ಬೀಗದಕೈ ಕಳೆದ ದಿನ" ಅಂತ ಮಕ್ಕಳ ಅಕ್ಷರ. ಕೇಳಿದ ಮೇಲೆ ನನಗೆ ನೆನಪಾಯಿತು. ಹಿಂದಿನ ವರ್ಷ ಒಂದು ಸಂಜೆ ನಾನು ಬೀಗದಕೈ ಕಳೆದುಕೊಂಡಿದ್ದೆ. ಇನ್ನೊಂದು ಬೀಗದಕೈ ಇದ್ದವರು ಬರುವವರೆಗೆ ಎರಡು ಗಂಟೆ ಎಲ್ಲರೂ ಮೆಟ್ಟಿಲ ಮೇಲೆ ಕೂತಿದ್ದೆವು. ಪುಸ್ತಕ ಇಲ್ಲ, ಏನೂ ಇಲ್ಲ. ಹರಟೆ ಹೊಡೆದೆವು, ಯಾರೋ ಹಾಡಿದರು, ನಾನು ನನ್ನ ಶಾಲೆಯಲ್ಲಿ ಏಟು ತಿಂದ ಕಥೆ ಹೇಳಿದೆ. ನನ್ನ ಲೆಕ್ಕದಲ್ಲಿ ಅದು ಹಾಳಾದ ಸಂಜೆ. ಅವರು ತಾರೀಕು ಬರೆದಿಟ್ಟುಕೊಂಡಿದ್ದರು.

ಈ ಸಲವೂ ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲ ಮೇಲೆ ಕೂತೆವು. ವರದಿಯ ಫಾರಂ ತುಂಬಿಸುವಾಗ "ಯಾವ ದಿನಾಚರಣೆ" ಅನ್ನುವ ಕಾಲಂ ಮುಂದೆ ಸ್ವಲ್ಪ ಹೊತ್ತು ಪೆನ್ ಹಿಡಿದು ಕೂತಿದ್ದೆ. "ಇತರೆ" ಅಂತ ಬರೆದೆ. ಹಿರಿಯರು ನೋಡಿ, ಅದನ್ನು ಹೊಡೆದುಹಾಕಿ, ಬೀಗದಕೈಯ ವಿಷಯವನ್ನು ಪೂರ್ತಿ ಬರೆದು ಕಳಿಸಿದರು. ಸಂಸ್ಥೆಯಿಂದ ಇನ್ನೂ ಉತ್ತರ ಬಂದಿಲ್ಲ.